ನಮ್ಮ ಮಾವನ ನೌನ್ ಕ್ಲಾಸುಗಳು

...ಅಥವಾ ಮಾವ ಪತ್ರಿಕೆಯಲ್ಲಿ ಗೆರೆ ಎಳೆಯುತ್ತಿದ್ದ ಆ ಪೆನ್ನು ಕೆಂಪಗಿರಲೇ ಇಲ್ಲವೋ ಏನೋ. ನೆನಪು ತನಗೆ ಬೇಕಾದ ಬಣ್ಣವನ್ನು ತಾನೇ ಬಳಿದುಕೊಳ್ಳುತ್ತದೆ. ಅದನ್ನು ನಂಬುವುದು ಬಿಟ್ಟಿದ್ದೇನೆ. ಅವರು ದಿನಾ ಕುಳಿತು ಓದುತ್ತಿದ್ದ ಆ ಬೆಂಚು ವಾಡಿ ಸ್ಟೇಷನ್ನಿನದೇ ಎಂಬುದಕ್ಕೂ ಸಾಕ್ಷಿಯಿಲ್ಲ, ನಾಲವಾರದ್ದೂ ಇರಬಹುದು. ಆದರೆ ಇಷ್ಟು ಮಾತ್ರ ಖರೆ: ಒಂದು ಓವರ್ ಕ್ರಿಕೆಟ್ಟನ್ನೂ ನೋಡದೆ, ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟವನ್ನು ಸ್ನಾನ, ಪೂಜೆ ಮುಗಿಸಿಯೇ ಮುಟ್ಟುತ್ತಿದ್ದ ಭಕ್ತ ಭೂಮಿಯ ಮೇಲೆ ಒಬ್ಬನೇ, ನಮ್ಮ ಸೋದರಮಾವ!

ಮಾವ ಚಿತ್ತಾಪುರದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರಿಗೆ ಆಟ ಬೇಡ, ನೌನ್ ಕ್ಲಾಸ್ ಬೇಕು; ಶಾಲೆಯ ಕ್ಲಾಸಲ್ಲ, ವ್ಯಾಕರಣದ ಉಪವಾಕ್ಯ (clause). ಅಂದರೆ ಒಂದು ಇಡೀ ವಾಕ್ಯ ಇನ್ನೊಂದು ವಾಕ್ಯದೊಳಗೆ ನುಗ್ಗಿ ನಾಮಪದದ ಕುರ್ಚಿಯಲ್ಲಿ ಕುಳಿತುಬಿಡುವುದು. 'ಪಿಚ್ ನಿಧಾನವಾಗಿತ್ತು ಎಂದು ನಾಯಕ ಹೇಳಿದ.' 'ಅವನು ಮುಂದಿನ ಪಂದ್ಯ ಆಡುವನೇ ಎಂಬುದನ್ನು ಕಾದು ನೋಡಬೇಕು.' ಇಂಥದು ಸಿಕ್ಕರೆ ಅಡಿಗೆರೆ ಎಳೆಯುತ್ತ ಚಹಾ ಮರೆಯುತ್ತಿದ್ದರು. "ಈ ಪುಟದಾಗ ಓಡೋರು ಕಡಿಮಿ, ಓಡಿದ್ದರ ಬಗ್ಗೆ ಹೇಳೋರೇ ಭಾಳ. ಗೋಲ್ ಹೊಡದದ್ದು ಒಂದು ಸಾಲು, ಹೊಡದಾಗ ಏನನಿಸ್ತು ಅನ್ನೋದು ಅರ್ಧ ಪುಟ!" ಎನ್ನುವುದು ಅವರ ಸಿದ್ಧಾಂತ.

ಸ್ಟೇಷನ್ನಿನ ಚಹಾದವನು ಒಮ್ಮೆ ಕೇಳಿದ, "ಸರ್, ನಿನ್ನಿ ಮ್ಯಾಚ್ ಏನಾತ್ರಿ?"

"ಕ್ಯಾಪ್ಟನ್ ಏನಂದಾನ ಅಂದ್ರ, ಬೌಲರ್‌ಗೋಳು ಚಲೋ ಹಾಕ್ಯಾರ ಅಂತ."

"ಗೆದ್ದರೋ ಸೋತರೋ ಹೇಳ್ರಿ!"

"ತಡಿಯೋ, ನಾ ಇನ್ನಾ ಮೊದಲನೇ ಕ್ಲಾಸಿನಾಗೇ ಅದೀನಿ."

ಈ ರೋಗ ಮನೆಗೂ ಬಂತು. ಪಲ್ಯ ಹೇಗಿದೆ ಎಂದು ಅತ್ತೆ ಕೇಳಿದರೆ ಮಾವ ಗಂಭೀರವಾಗಿ, "ಉಪ್ಪು ಜರಾ ಕಡಿಮಿ ಇದ್ದಿದ್ರ ಚಲೋ ಇತ್ತು ಅಂತ ಉಂಡವರ ಅಭಿಪ್ರಾಯ" ಎಂದರಂತೆ.

"ಉಂಡವರು ಯಾರ್ರಿ? ಮನ್ಯಾಗ ತಾಟಿನ ಮುಂದ ಕುಂತವರು ನೀವೊಬ್ಬರೇ!"

ಇದನ್ನು ಅತ್ತೆ ಹೇಳಿ ನಗುತ್ತಿದ್ದರು. ನಗದಿದ್ದವಳು ಮಗಳು. ಅವಳು ಕಾಲೇಜಿನ ಖೋ-ಖೋ ತಂಡದಲ್ಲಿದ್ದಳು. ಆಡಿ ಬಂದಾಗಲೆಲ್ಲ ಮಾವನ ಪ್ರಶ್ನೆ ಒಂದೇ: "ನಿಮ್ಮ ಕೋಚ್ ಏನಂದ್ರು?" ಹೇಳಿದ್ದನ್ನು ಅಲ್ಲೇ ಇಂಗ್ಲಿಷಿಗೆ ತಿರುಗಿಸಿ, ಚೊಕ್ಕ ನೌನ್ ಕ್ಲಾಸ್ ಮಾಡಿ, ಸವಿಯುತ್ತಿದ್ದರು. ಒಮ್ಮೆಯೂ ಮೈದಾನಕ್ಕೆ ಹೋದವರಲ್ಲ.

ಡಿಗ್ರಿಯ ಕೊನೆಯ ವರ್ಷ, ಶಹಾಬಾದಿನಲ್ಲಿ ಕೊನೆಯ ಪಂದ್ಯ. ಹಿಂದಿನ ದಿನ ಅವಳು ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು. "ಕೋಚ್ ಏನಂತಾರ ಅನ್ನೋದು ಸಾಕಾಗ್ಯಾದ ಅಪ್ಪಾ. ಈ ಸಲ ನೀವು ಬರ್ರಿ. ನೀವು ನೋಡಿ ನೀವೇ ಹೇಳ್ರಿ. ಇದರ ಮುಂದ ನಾ ಆಡಂಗಿಲ್ಲ."

ಮಾವ ಬಂದರು! ಮಡಚಿದ ಪತ್ರಿಕೆ ಕಂಕುಳಲ್ಲಿ, ಮುಖದಲ್ಲಿ ಪರೀಕ್ಷೆಗೆ ಬಂದ ಹುಡುಗನ ಕಳೆ. ಜೊತೆಗೆ ನಾನು. ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಎರಡೂ ತಂಡಕ್ಕೆ ತಟ್ಟಿದರು. ಕೊನೆಯ ಗಳಿಗೆಯಲ್ಲಿ ಕಂಬದ ಬಳಿ ಓಡುತ್ತಿದ್ದ ಎದುರಾಳಿಯನ್ನು ಮುಟ್ಟಲು ಮಗಳು ನೆಲಕ್ಕೆ ಹಾರಿದಳು. ಬೆರಳು ತಾಗಲಿಲ್ಲ. ಪತ್ರಿಕೆ ಕೆಳಗೆ ಬಿತ್ತು, ಮಾವ ಎತ್ತಿಕೊಳ್ಳಲಿಲ್ಲ. ತಂಡ ಸೋತಿತು.

ಕೋಚ್ ಬಂದು, "ನಿಮ್ಮ ಮಗಳು ಭಾಳ ಚಲೋ ಆಡ್ಯಾಳ್ರಿ ಸರ್" ಎಂದರು. ಎಂಥ ಸಿದ್ಧ ಸರಕು! ಅದನ್ನೇ ಹೊತ್ತೊಯ್ದು ಮಗಳಿಗೆ ಒಪ್ಪಿಸುತ್ತಾರೆಂದು ನಾನು ಕಾದೆ.

ಅವಳು ನಲ್ಲಿಯ ಬಳಿ ಕುಳಿತು ಕೆತ್ತಿಹೋದ ಮೊಣಕಾಲು ತೊಳೆಯುತ್ತಿದ್ದಳು. ಮಾವ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು.

"ಆ ಕಂಬದ ಹತ್ರ ಹಾರಿದಿ ನೋಡು, ನನ್ನ ಎದಿ ಧಸಕ್ಕಂತು. ಭಾಳ ಚಂದ ಆಡಿದಿ."

"ಸೋತೀವಲ್ಲ ಅಪ್ಪಾ."

"ಸೋತದ್ದೂ ನೋಡೀನಿ, ಮಗಾ."

ಅವಳು ತಲೆ ಎತ್ತಲಿಲ್ಲ. ರಕ್ತ ಆಗಲೇ ನಿಂತಿದ್ದರೂ ಮೊಣಕಾಲಿನ ಮೇಲೆ ನೀರು ಬಿಡುತ್ತಲೇ ಇದ್ದಳು. ಆ ಮಾತಷ್ಟೇ ಅವಳಿಗೆ ಸಾಕಿತ್ತೋ, ಬಹಳ ತಡವಾಗಿ ಬಂತೋ, ನನಗೆ ಗೊತ್ತಿಲ್ಲ.