ರಟ್ಟಪ್ಪ ಅರ್ಥ ಹೇಳಿದ್ದು

ಅನಾಹುತಕ್ಕೆಲ್ಲ ಮೂಲ ಮೇಷ್ಟ್ರ ಪದ್ಧತಿ. ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಹೀಬ್ರೂ ಹೇಳಿಕೊಡುತ್ತಿದ್ದ ಅವರು ಧರ್ಮಗ್ರಂಥದ ಭಾಗವನ್ನು ಮೊದಲೇ ಓದಿಸುತ್ತಿರಲಿಲ್ಲ. ಅದರೊಳಗಿನ ಪದಗಳನ್ನು ತಲೆಗೊಂದರಂತೆ ಹಂಚುತ್ತಿದ್ದರು. ಎಲ್ಲರೂ ಅರ್ಥ ಹೇಳಿದ ಮೇಲೇ ಓದು. ಈ ಸಲ ರಟ್ಟಪ್ಪನ ಪಾಲಿಗೆ ಬಂದದ್ದು ‘ದಾಬಕ್’.

ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದುದರಿಂದ ಅವನು ರಟ್ಟಪ್ಪ. ಅವನಿಗೆ ಹೀಬ್ರೂ ಯಾಕೆ ಬೇಕಿತ್ತು? ಬೇಕಿರಲಿಲ್ಲ. ಬೇಕಿದ್ದದ್ದು ಎದುರು ಬೆಂಚಿನಲ್ಲಿ ಕೂರುತ್ತಿದ್ದ, ಬಟ್ಟೆ ಹೊಲಿಯುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಆಕೆ ಅತ್ತೆಯ ಜೊತೆಗಿದ್ದಳು. ಅತ್ತೆ ಪಾಠದ ಮರುದಿನದ ರೈಲಿಗೆ ತಮ್ಮೂರಿಗೆ ಹೊರಟಿದ್ದರು. ಸೊಸೆ ಹೋಗುತ್ತಾಳೋ ಉಳಿಯುತ್ತಾಳೋ ತಿಳಿಯದೆ ರಟ್ಟಪ್ಪನಿಗೆ ಅನ್ನ ಸೇರುತ್ತಿರಲಿಲ್ಲ.

ನಿಘಂಟಿನಲ್ಲಿ ‘ಅಂಟಿಕೊಳ್ಳುವುದು’ ಎಂದಿತ್ತು. ಕೆಳಗೆ ಉದಾಹರಣೆ: ಪುರುಷನು ತಂದೆತಾಯಿಗಳನ್ನು ಬಿಟ್ಟು ಹೆಂಡತಿಗೆ ಅಂಟಿಕೊಳ್ಳುವನು. ರಟ್ಟಪ್ಪ ಖುಷಿಯಿಂದ ಅಲ್ಲಿಗೇ ನಿಘಂಟು ಮುಚ್ಚಿದ.

ಪಕ್ಕದ ಕ್ಷೌರದಂಗಡಿಯವನಿಗೆ ವಿಷಯ ತಿಳಿಯಿತು. “ಆ ಪದದ ನೆಪದಲ್ಲೇ ಮನಸ್ಸು ಬಿಚ್ಚಿ ಹೇಳ್ಬಿಡು, ಅವಳನ್ನೇ ನೋಡ್ಕೊಂಡು” ಎಂದವನೇ, ಬೇಡವೆಂದರೂ ಕುರ್ಚಿಗೆ ಒತ್ತಿ ಕೂರಿಸಿ ಮೀಸೆ ತಿದ್ದಿದ. ಎಡಕ್ಕೆ ಗಿಡ್ಡವಾಯಿತೆಂದು ಬಲಕ್ಕೆ, ಬಲಕ್ಕಾಯಿತೆಂದು ಎಡಕ್ಕೆ ಕತ್ತರಿಸಿ ಕೊನೆಗೆ ನುಣ್ಣಗೆ ಬೋಳಿಸಿದ.

ಪಾಠಕ್ಕೆ ಹೋದರೆ ಮೇಷ್ಟ್ರು ಗುರುತು ಸಿಗದೆ, ಹೊಸಬರೋ ಎಂದು ಕೇಳಿದರು. ಕೋಣೆಯೆಲ್ಲ ನಕ್ಕಿತು. ಹೊಲಿಗೆಯವಳು ಮಾತ್ರ ನಗಲಿಲ್ಲ. ಅಷ್ಟೇ ಸಾಕಾಯಿತು ಅವನಿಗೆ.

“ಅಂಟು ಹಸಿ ಇದ್ದಾಗ ಕಾಗದ ಬಿಡಿಸ್ಬಹುದು,” ಎಂದ ತನ್ನ ಪದದ ಸರದಿ ಬಂದಾಗ, ಆಕೆಯನ್ನೇ ನೋಡುತ್ತ. “ಒಣಗಿದ್ಮೇಲೆ ಬಿಡಿಸೋಕೆ ಹೋದ್ರೆ ಎರಡೂ ಹರಿಯುತ್ತೆ. ಮನುಷ್ಯರೂ ಹಾಗೇ. ಅಂಟಿಕೊಂಡವರನ್ನ ಬಿಟ್ಟು ಇರೋಕಾಗಲ್ಲ.”

ವರ್ಷಗಟ್ಟಲೆ ಎದೆಯಲ್ಲಿದ್ದುದು ಅಷ್ಟರಲ್ಲೇ ಬಂದುಬಿಟ್ಟಿತು. ಆಕೆಯ ಕಣ್ಣು ತುಂಬಿತು.

ಆಮೇಲೆ ಮೇಷ್ಟ್ರು ಭಾಗ ಓದಿದರು. ತನ್ನೂರಿಗೆ ಹೊರಟ ಒಬ್ಬ ಅತ್ತೆ, ಗಂಡಂದಿರು ಸತ್ತ ಇಬ್ಬರು ಸೊಸೆಯರು. ಒಬ್ಬಳು ಮುತ್ತಿಟ್ಟು ಹಿಂದಿರುಗಿದಳು. ಇನ್ನೊಬ್ಬಳು ಅತ್ತೆಗೆ ಅಂಟಿಕೊಂಡಳು. ದಾಬಕ್.

ಪಾಠ ಮುಗಿದ ಮೇಲೆ ಆಕೆ ತಾನಾಗಿಯೇ ಬಂದು ನಿಂತಳು.

“ಇಲ್ಲೇ ಉಳಿಯೋಣ ಅಂದ್ಕೊಂಡಿದ್ದೆ. ನಿಮ್ಮ ಮೇಲೆ ಮನಸ್ಸಿತ್ತು, ಈಗ ಹೇಳೋಕೆ ನಾಚಿಕೆ ಏನು. ಆದ್ರೆ ನೀವೇ ಅಷ್ಟು ಚೆನ್ನಾಗಿ ಹೇಳಿದ್ಮೇಲೆ ಅತ್ತೆನ ಹೇಗೆ ಬಿಡ್ಲಿ?”

ನಾನು ಹೇಳಿದ್ದು ಅದಲ್ಲ ಎನ್ನಲು ರಟ್ಟಪ್ಪ ಬಾಯಿ ತೆರೆದ. ಬಾಗಿಲಲ್ಲಿ ನಿಂತು ಪಾಠದ ಮಾತು ಕೇಳಿಸಿಕೊಂಡಿದ್ದ ಅತ್ತೆ ಕಣ್ಣೊರೆಸಿಕೊಂಡು, ಕೋಲನ್ನು ಕಂಕುಳಿಗೆ ಸಿಕ್ಕಿಸಿ ಅವನಿಗೆ ಕೈಮುಗಿಯುತ್ತಿದ್ದರು.

“ರೈಲು ಎಷ್ಟು ಹೊತ್ತಿಗೆ?” ಎಂದ. “ಪೆಟ್ಟಿಗೆ ಹೊರೋಕೆ ಬರ್ತೀನಿ.”