ಅರವತ್ತೊಂದನೆಯ ಪುಟ

ರಬಕವಿಯ ಶಿದ್ರಾಮಪ್ಪನ ತಲೆನೋವಿಗೆ ಒಂದು ವೇಳಾಪಟ್ಟಿ ಇತ್ತು. ಮಧ್ಯಾಹ್ನ ಮೂರಕ್ಕೆ ಅವನು ಪುಸ್ತಕ ತೆರೆಯುತ್ತಿದ್ದ. ಮೂರೂಕಾಲಿಗೆ ಅಕ್ಷರಗಳು ಸಕ್ಕರೆ ಕಂಡ ಇರುವೆಗಳಂತೆ ಒಂದರ ಮೇಲೊಂದು ಹತ್ತುತ್ತಿದ್ದವು. ಮೂರೂವರೆಗೆ ಎಡಗಣ್ಣಿನ ಹುಬ್ಬಿನ ಮೇಲೆ ಯಾರೋ ಮೊಳೆ ಹೊಡೆಯಲು ಶುರುಮಾಡುತ್ತಿದ್ದರು.

ನೇಕಾರರ ಸಂಘವೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಅವನು ಅದೇ ಓಣಿಯ ಸಾತವ್ವನ ಪಡಸಾಲೆಯಲ್ಲಿ ಕಾದಂಬರಿ ಓದುತ್ತಿದ್ದ. ಅಲ್ಲಿ ಏಳೆಂಟು ಹೆಂಗಸರು ರಾಟಿ ತಿರುಗಿಸುತ್ತ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಕೈ, ಕಣ್ಣು ಎರಡೂ ನೂಲಿನ ಮೇಲೆ. ಬಿಡುವು ಕಿವಿಗೆ ಮಾತ್ರ. ಆ ಕಿವಿಗಳಿಗಾಗಿ ಎಂಟು ತಿಂಗಳಿಂದ ಗ್ರಂಥಾಲಯದ ಒಂದು ದಪ್ಪ ಪುಸ್ತಕ ಓದುತ್ತಿದ್ದ. ಗಂಡನ ಮನೆಯಲ್ಲಿ ನೊಂದ ಮಧುಮತಿ ಎಂಬವಳ ಕತೆ. ಸಾಲು ಮಸುಕಾದರೂ ನಿಲ್ಲಿಸುತ್ತಿರಲಿಲ್ಲ, ಹಿಂದಿನ ಮಾತಿನಿಂದ ಮುಂದಿನದನ್ನು ಅಂದಾಜು ಮಾಡಿ ಓದಿಬಿಡುತ್ತಿದ್ದ. ಚಷ್ಮಾ ಹಾಕಿದರೆ ಜನ ಮುದುಕ ಅಂದಾರೆಂಬ ಅಳುಕು ಬೇರೆ.

ಆ ಸೋಮವಾರ ಬೆಳಿಗ್ಗೆ ಸಾತವ್ವ ಬಟ್ಟಲು ತುಂಬ ಸುಂಠಿ ತೇಯ್ದುಕೊಂಡು ಅವನ ಮನೆಗೆ ಬಂದಳು. ಹಣೆಗೆ ಹಚ್ಚಿದರೆ ಎಂಥ ನೋವೂ ಇಳಿಯುತ್ತದೆ ಎಂದಳು. ಹಚ್ಚುತ್ತಲೇ ಬಂದ ಕಾರಣ ಬಿಚ್ಚಿದಳು. ಮಗಳು ಸುವರ್ಣಾ ಮುಧೋಳದ ಗಂಡನ ಮನೆ ಬಿಟ್ಟು ಬಂದು ನಾಲ್ಕು ತಿಂಗಳಾಗಿತ್ತು. ಕರೆದೊಯ್ಯಲು ಮಾರನೆಯ ದಿನ ಗಂಡನ ಕಡೆಯ ಹಿರಿಯರು ಬರುವವರಿದ್ದರು. ಹೋಗುತ್ತೀಯೋ ಇಲ್ಲವೋ ಎಂದು ಕೇಳಿದರೆ, ಮಧುಮತಿ ಏನು ಮಾಡುತ್ತಾಳೋ ಕೇಳಿ ಹೇಳುತ್ತೇನೆ ಎಂದು ಹುಡುಗಿ ಕುಳಿತಿದ್ದಳು. ಹಿಂದಿನ ದಿನ ಶಿದ್ರಾಮಪ್ಪ ಸರಿಯಾಗಿ ಅಲ್ಲಿಗೇ ಓದು ನಿಲ್ಲಿಸಿದ್ದ. ಕೋರ್ಟಿನಲ್ಲಿ ಜಡ್ಜರು ಮಧುಮತಿಗೆ, ಗಂಡನ ಮನೆಗೆ ಹೋಗುತ್ತೀಯಾ ಎಂದು ಕೇಳಿದ್ದರು.

“ಇವತ್ತ ಆಕಿ ಹೊಕ್ಕೇನಿ ಅಂದ್ಲು ಅಂತ ಓದಿಬಿಡ ಶಿದ್ರಾಮಣ್ಣ,” ಎಂದಳು ಸಾತವ್ವ.

ಶಿದ್ರಾಮಪ್ಪನಿಗೆ ಮೈ ಉರಿಯಿತು. “ಪುಸ್ತಕದಾಗ ಇದ್ದದ್ದ ಓದಾಂವ ನಾನು. ಒಂದ ಅಕ್ಷರಾ ನನ್ನದು ಸೇರಿಸಿಲ್ಲ, ಸೇರಸೂದೂ ಇಲ್ಲ,” ಎಂದು ತಲೆ ಕೊಡವಿದ. ಕೊಡವಿದ ರಭಸಕ್ಕೆ ಹಣೆಯ ಮೇಲಿದ್ದ ಸುಂಠಿ ಎರಡೂ ಕಣ್ಣಿಗಿಳಿಯಿತು.

ಅವನ ಕೂಗಿಗೆ ಪಕ್ಕದ ಮನೆಯ ಭೀಮಪ್ಪ ಓಡಿಬಂದ. ಯಾವ ರೋಗಕ್ಕೂ ಅವನಲ್ಲಿ ಒಂದು ಮದ್ದು ಇರುತ್ತಿತ್ತು. ಉರಿಗೆ ತಂಪು ಎಂದು ಈರುಳ್ಳಿ ರಸ ಹಾಕಿದ. ಆಮೇಲೆ ಶಿದ್ರಾಮಪ್ಪನ ಕಣ್ಣುಗಳು ಹಣ್ಣಾದ ಟೊಮೆಟೊದಂತಾದದ್ದು ನೋಡಿ ಅವನಿಗೇ ದಿಗಿಲಾಗಿ, ಬೈಕಿನ ಹಿಂದೆ ಕೂರಿಸಿಕೊಂಡು ಮಹಾಲಿಂಗಪುರದ ಕಣ್ಣಿನ ಡಾಕ್ಟರರ ಬಳಿಗೆ ಗಾಡಿ ಹೊಡೆದ. ದಾರಿಯುದ್ದಕ್ಕೂ ಶಿದ್ರಾಮಪ್ಪ ಪುಸ್ತಕದ ಚೀಲವನ್ನು ಎದೆಗೆ ಅವಚಿಕೊಂಡು ಕಣ್ಣೀರು ಸುರಿಸುತ್ತ ಕುಳಿತಿದ್ದ. ಎದುರಾದ ಒಬ್ಬ ಪರಿಚಿತ ಗಾಡಿ ನಿಲ್ಲಿಸಿ, ತೀರಿಕೊಂಡವರು ಯಾರು ಎಂದು ವಿಚಾರಿಸಿದ.

ಡಾಕ್ಟರರು ಕಣ್ಣು ತೊಳೆದು, ಹನಿ ಹಾಕಿ, ಉರಿಯಿಳಿದ ಮೇಲೆ ಗೋಡೆಯ ಫಲಕ ಓದಿಸಿದರು. ಮೇಲಿನ ಎರಡು ಸಾಲು ಸರಿಹೋದವು. ಮೂರನೆಯದಕ್ಕೆ ಶಿದ್ರಾಮಪ್ಪ ಗಂಟಲು ಸರಿಮಾಡಿಕೊಂಡು, ‘ಗಂಗವ್ವ ಮರದ ಕೆಳಗೆ ನಿಂತಳು’ ಎಂದು ನಿರರ್ಗಳವಾಗಿ ಓದಿದ.

“ಯಜಮಾನ್ರ, ಅಲ್ಲಿ ಬರೇ ಐದ ಅಕ್ಷರ ಅದಾವ್ರಿ,” ಎಂದರು ಡಾಕ್ಟರರು. “ನೀವು ಸಂಸಾರನ ಹೂಡಾಕತ್ತೀರಿ.”

ಕಣ್ಣಿಗೆ ವಿಪರೀತ ಶ್ರಮ ಕೊಟ್ಟದ್ದೇ ನೋವಿಗೆ ಕಾರಣ ಎಂದು ಹೇಳಿ, ಓದುವ ಚಷ್ಮಾ ಬರೆದುಕೊಟ್ಟರು. ಕೆಳಗಿನ ಅಂಗಡಿಯಲ್ಲೇ ಅದು ಸಿದ್ಧವಿತ್ತು. ಹಾಕಿಕೊಂಡು ಪುಸ್ತಕ ತೆರೆದರೆ ಅಕ್ಷರಗಳು ಸಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೊಂದೂ ಬೇರೆ ಬೇರೆ ನಿಂತಿದ್ದವು. ಹುಬ್ಬಿನ ಮೊಳೆ ಮಾಯವಾಗಿತ್ತು. ಶಿದ್ರಾಮಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಮಧುಮತಿ ಏನೆಂದಳೋ ಈಗಲೇ ನೋಡಿಬಿಡೋಣ ಎಂದು ಗುರುತಿಟ್ಟ ಪುಟ ತೆಗೆದ.

ಅಲ್ಲಿ ಮಧುಮತಿ ಇರಲಿಲ್ಲ. ಕೋರ್ಟೂ ಇರಲಿಲ್ಲ. ಯಾರೋ ಅಣ್ಣತಮ್ಮಂದಿರು ಬಾವಿಯ ನೀರಿಗಾಗಿ ಜಗಳಾಡುತ್ತಿದ್ದರು. ಗಾಬರಿಯಿಂದ ಒಂದೊಂದೇ ಪುಟ ಹಿಂದಕ್ಕೆ ಹೋದ. ನೂರೈವತ್ತು ಪುಟ ಹಿಂದೆ, ಅರವತ್ತೊಂದನೆಯದರಲ್ಲಿ ಅವಳು ಸಿಕ್ಕಳು. ‘ಮಧುಮತಿ ಗಂಡನ ಕಾಲಿಗೆ ಬಿದ್ದಳು’ ಎಂದಿತ್ತು. ಅದನ್ನು ಅವನು ‘ಕೋರ್ಟಿಗೆ ಬಂದಳು’ ಎಂದು ಓದಿದ್ದ. ಕಾಲಿಗೆ ಬಿದ್ದವಳು ಅದೇ ಪುಟದ ಕೊನೆಯಲ್ಲಿ ಜ್ವರ ಬಂದು ಸತ್ತಿದ್ದಳು. ಅಲ್ಲಿಂದಾಚೆ ಅವಳು ಬೀಳಗಿಯಲ್ಲಿ ಬಾಡಿಗೆ ಖೋಲಿ ಹಿಡಿದದ್ದು, ಹೊಲಿಗೆ ಯಂತ್ರ ಕೊಂಡದ್ದು, ವಕೀಲರಿಗೆ ಎದುರುತ್ತರ ಕೊಟ್ಟದ್ದು, ಆರು ತಿಂಗಳ ಅಷ್ಟೂ ಬಾಳು ಶಿದ್ರಾಮಪ್ಪನ ಸ್ವಂತ ಕಲ್ಪನೆ.

ವಾಪಸು ಬರುವಾಗ ಅವನು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದ. ಒಂದು ಅಕ್ಷರವೂ ನನ್ನದಲ್ಲ ಎಂದು ಬೆಳಿಗ್ಗೆ ಎದೆ ತಟ್ಟಿ ಹೇಳಿದ್ದ. ಇಂದಾದರೂ ಇದ್ದದ್ದನ್ನು ಇದ್ದಹಾಗೆ ಓದಿ, ತಪ್ಪು ಒಪ್ಪಿಕೊಂಡು ಬಿಡಬೇಕೆಂದು ಗಟ್ಟಿ ಮಾಡಿಕೊಂಡ.

ಮೂರಕ್ಕೆ ಪಡಸಾಲೆ ತುಂಬಿತ್ತು. ಹೊಸ ಚಷ್ಮಾ ನೋಡಿ ಹೆಂಗಸರು ಮೆಚ್ಚಿದರು. ಸಾತವ್ವ ಎಂದೂ ಇಲ್ಲದಂತೆ ಚಹದ ಜೊತೆ ಅವಲಕ್ಕಿ ಚೂಡಾ ಇಟ್ಟಳು. ಶಿದ್ರಾಮಪ್ಪ ಅರವತ್ತೊಂದನೆಯ ಪುಟ ತೆರೆದು ತಲೆಯೆತ್ತಿದ. ಸುವರ್ಣಾಳ ರಾಟಿ ನಿಂತಿತ್ತು. ನೂಲು ಹಿಡಿದ ಅವಳ ಮಣಿಕಟ್ಟಿನ ಮೇಲೆ, ಬಳೆಗಳ ಕೆಳಗೆ, ಒಂದು ಸುಟ್ಟ ಗಾಯದ ಕಲೆ ಇತ್ತು. ಅವನು ಅದನ್ನು ಕಂಡದ್ದು ಅದೇ ಮೊದಲು.

ಕಣ್ಣೆದುರಿಗೆ ‘ಕಾಲಿಗೆ ಬಿದ್ದಳು’ ಎಂಬುದು ಕಲ್ಲಿನಲ್ಲಿ ಕೊರೆದಷ್ಟು ಸ್ಪಷ್ಟವಾಗಿತ್ತು. ಅದರ ಮೇಲೆ ಬೆರಳಾಡಿಸುತ್ತ ಶಿದ್ರಾಮಪ್ಪ ಓದಿದ: “ಮಧುಮತಿ ಜಡ್ಜರ ಮುಂದೆ ತಲೆಯೆತ್ತಿ ನಿಂತಳು. ನಾನು ಆ ಮನೆಗೆ ಹೋಗುವುದಿಲ್ಲ, ನನ್ನ ಅನ್ನ ನಾನು ದುಡಿದು ಉಣ್ಣುತ್ತೇನೆ ಎಂದಳು.” ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ಕೇಳಲಿಲ್ಲ. ಅರ್ಧ ಗಂಟೆ ಓದಿದ. ಮುಗಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಸಾತವ್ವ ಚೂಡಾದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎಲ್ಲರೂ ಎದ್ದ ಮೇಲೆ ಸುವರ್ಣಾ ನೀರಿನ ತಂಬಿಗೆ ಹಿಡಿದು ಬಂದಳು.

“ಕಾಕಾ, ಅರವತ್ತೊಂದನೇ ಪುಟದಾಗ ಆಕಿ ಸತ್ತಾಳಲ್ರಿ,” ಎಂದಳು ಮೆಲ್ಲಗೆ. “ಕಾಲೇಜಿನ್ಯಾಗ ಇದ್ದಾಗ ಓದೇನಿ ನಾ.”

ಶಿದ್ರಾಮಪ್ಪ ಪುಸ್ತಕವನ್ನು ಥಟ್ಟನೆ ಮುಚ್ಚಿದ. ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದ.

“ಮೊದಲ ನಿಮಗ ಕಣ್ಣ ಕಾಣಾಂಗಿಲ್ಲ, ಅದಕ್ಕ ಹಂಗ ಓದ್ತೀರಿ ಅಂದಕೊಂಡಿದ್ದೆ. ಇವತ್ತ ಕಾಣತಿತ್ತು. ಆದ್ರೂ ಆಕೀನ್ನ ಉಳಿಸಿದ್ರಿ.” ಅವಳು ತಂಬಿಗೆ ಕೆಳಗಿಟ್ಟಳು. “ನಾ ಹೋಗಾಂಗಿಲ್ಲ ಕಾಕಾ. ನಾಳೆ ಹಿರೇರು ಬರ್ತಾರ. ಅವರ ಮುಂದ ನನಗ ಮಾತ ಹೊರಡೂದಿಲ್ಲ. ಇವತ್ತ ಆಕಿ ಏನ ಅಂದ್ಲು, ಅದನ್ನ ನೀವ ಬಂದು ಹೇಳ್ರಿ.”

“ಅದು ಪುಸ್ತಕದಾಗ ಇಲ್ಲವ್ವ.”

“ಅದಕ್ಕ ನಿಮ್ಮನ್ನ ಕರ್ಯಾಕತ್ತೇನಿ.”

ಮೂವತ್ತು ವರ್ಷದ ನೌಕರಿಯಲ್ಲಿ ಯಾರ ಮುಂದೆಯೂ ದನಿಯೆತ್ತದ ಶಿದ್ರಾಮಪ್ಪ ತಲೆಯಾಡಿಸಿ ಹೊರಬಿದ್ದ. ಬಾಗಿಲಲ್ಲಿ ನಿಂತಿದ್ದ ಸಾತವ್ವ ಮುಖ ತಿರುಗಿಸಿಕೊಂಡಳು. ಓಣಿಯಲ್ಲಿ ಭೀಮಪ್ಪ ಅಡ್ಡಗಟ್ಟಿ, ಚಷ್ಮಾದಿಂದ ಗುಣವಾಯಿತೇ ಎಂದು ವಿಚಾರಿಸಿದ.

ಶಿದ್ರಾಮಪ್ಪ ಚಷ್ಮಾ ತೆಗೆದು, ಎರಡೂ ಹುಬ್ಬುಗಳನ್ನು ಹೆಬ್ಬೆರಳಿಂದ ಒತ್ತಿ ಹಿಡಿದ. ಈಗ ಮೊಳೆ ಎರಡೂ ಕಡೆ ಇಳಿಯುತ್ತಿತ್ತು.

“ಕಣ್ಣ ಛಲೋ ಆದೂ ಭೀಮಪ್ಪ,” ಎಂದ. “ತಲಿ ನಾಳಿ ಸಂಜಿಮಟಾ ಉಳಿದ್ರ ನೋಡೂಣು.”