ಇಪ್ಪತ್ತರಲ್ಲಿ ಮೂರು ಕಳೆಯತಕ್ಕದ್ದು

ನಮ್ಮ ಬೀದಿಯ ಶಾಲೆಯ ಒಂದನೇ ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರು, ಆ ಇಪ್ಪತ್ತೂ ಮಕ್ಕಳು ದಿನಾ ತಪ್ಪದೆ ಶಾಲೆಗೆ ಬರುತ್ತಿದ್ದರು, ಮತ್ತು ಇದರಿಂದ ಗಣಿತ ಶಿಕ್ಷಣಕ್ಕೆ ತೀವ್ರ ಅಡಚಣೆಯಾಯಿತು ಎಂಬುದು ದಾಖಲೆಯಲ್ಲಿರುವ ವಿಷಯ.

ಮೊದಲು ಅಲ್ಲಿನ ಪದ್ಧತಿ ಹೇಳಿಬಿಡುತ್ತೇನೆ. ಟೀಚರು ಗೋಡೆಗೆ ಎರಡು ಹಗ್ಗ ಕಟ್ಟಿದ್ದರು. ಮೇಲಿನ ಹಗ್ಗ ಅಂದರೆ ಮನೆ, ಕೆಳಗಿನದು ಶಾಲೆ. ಪ್ರತಿ ಮಗುವಿಗೂ ಬಟ್ಟೆ ಒಣಹಾಕುವ ಕ್ಲಿಪ್ಪು ಒಂದೊಂದು. ಬೆಳಿಗ್ಗೆ ಬಂದ ಕೂಡಲೇ ತನ್ನ ಕ್ಲಿಪ್ಪನ್ನು ಮನೆಯಿಂದ ಕಿತ್ತು ಶಾಲೆಗೆ ಸಿಕ್ಕಿಸಬೇಕು. ಆಮೇಲೆ ಎಲ್ಲರೂ ಸೇರಿ ಎಣಿಸಬೇಕು: ಬಂದವರೆಷ್ಟು, ಬಾರದವರೆಷ್ಟು, ಕೂಡಿದರೆ ಎಷ್ಟು, ಬಾರದವರನ್ನು ಕಳೆದರೆ ಎಷ್ಟು. ದಿನಾ ಇಷ್ಟೇ ಮಾಡಿ ಮಾಡಿ ಮಕ್ಕಳಿಗೆ ಕೂಡುವುದೂ ಕಳೆಯುವುದೂ ನಿಜವಾಗಿಯೇ ಬಂದುಬಿಟ್ಟಿತ್ತು. ಮೇಲಿನವರ ಅನುಮತಿ ಇಲ್ಲದೆ ಹೀಗಾದದ್ದಕ್ಕೆ ಟೀಚರು ಆಮೇಲೆ ವಿಷಾದ ಸೂಚಿಸಿದರು.

ಕ್ಲಿಪ್ಪು ಸಿಕ್ಕಿಸುವ ಆಸೆಗೆ ಮಕ್ಕಳು ರಜೆ ಹಾಕುವುದನ್ನೇ ಬಿಟ್ಟರು. ಕೆಪ್ಪಟೆ ಬಂದು ಮುಖ ಕುಂಬಳಕಾಯಿ ಆಗಿದ್ದವನೂ ಬಂದ. ಮನೆಯ ಹಗ್ಗ ಖಾಲಿಯಾಯಿತು. ಇಪ್ಪತ್ತರಲ್ಲಿ ಸೊನ್ನೆ ಕಳೆದರೆ ಇಪ್ಪತ್ತು ಅಂತ ಟೀಚರು ವರದಿ ಬರೆದು ಕಳಿಸಿದರು.

ಕಚೇರಿಯ ಗಣಿತ ವಿಭಾಗದಿಂದ ಉತ್ತರ ಬಂತು: ‘ಸದರಿ ತರಗತಿಯಲ್ಲಿ ಕಳೆಯುವ ಲೆಕ್ಕ ಸ್ಥಗಿತಗೊಂಡಿರುವುದು ಕಂಡುಬಂದಿದೆ. ಸೊನ್ನೆಯು ಎರಡನೇ ಅವಧಿಯ ಪಾಠವಾದ್ದರಿಂದ ಈ ಅವಧಿಯಲ್ಲಿ ಸೊನ್ನೆಯನ್ನು ಕಳೆಯಲು ಅವಕಾಶವಿರುವುದಿಲ್ಲ. ದಿನಕ್ಕೆ ಮೂವರಿಗೆ ಕಡಿಮೆಯಾಗದಂತೆ ಕಳೆಯತಕ್ಕದ್ದು.’

ಅದೇ ಟಪಾಲಿನಲ್ಲಿ ಹಾಜರಾತಿ ವಿಭಾಗದ ಪತ್ರವೂ ಇತ್ತು: ‘ಒಂದು ಮಗು ತಪ್ಪಿಸಿಕೊಂಡರೂ ಮುಖ್ಯೋಪಾಧ್ಯಾಯರಿಂದ ವಿವರಣೆ ಕೇಳಲಾಗುವುದು.’

ಹೆಡ್‌ಮಾಸ್ಟರು ಎರಡು ಪತ್ರಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಕನ್ನಡಕದ ಮೇಲಿನಿಂದ ಒಂದನ್ನೂ ಒಳಗಿನಿಂದ ಇನ್ನೊಂದನ್ನೂ ಓದಿದರು. ಮಧ್ಯಾಹ್ನದ ಹೊತ್ತಿಗೆ ಪರಿಹಾರ ಸಿಕ್ಕಿತು. ಮೂರು ಮಕ್ಕಳು ಶಾಲೆಗೆ ಬರತಕ್ಕದ್ದು, ಆದರೆ ಬಂದಿರತಕ್ಕದ್ದಲ್ಲ.

ಇದಕ್ಕೆ ನಿಯಮಗಳೂ ಆದವು. ಕಳೆದ ಮಗು ಬೆಂಚಿನ ಮೇಲೆ ಕೂರಬಹುದು, ಉಸಿರಾಡಬಹುದು. ಕ್ಲಿಪ್ಪು ಮುಟ್ಟಬಾರದು, ಕೈ ಎತ್ತಬಾರದು. ಕೆಮ್ಮಿದರೆ ಮನೆಯಲ್ಲಿ ಕೆಮ್ಮಿದಂತೆ ಭಾವಿಸತಕ್ಕದ್ದು. ಶಾಲೆಯಲ್ಲಿ ಹಂಚುವ ಹಾಲು ಉಳಿದ ಹದಿನೇಳು ಮಕ್ಕಳಿಗೆ ಮಾತ್ರ. ಮಿಕ್ಕ ಮೂರು ಲೋಟ ಲೆಕ್ಕದಲ್ಲೇ ಇಲ್ಲದ ಹಾಲು. ಇಲ್ಲದ ಹಾಲು ಕೆಟ್ಟುಹೋಗಬಾರದಲ್ಲ, ಅದನ್ನು ಹೆಡ್‌ಮಾಸ್ಟರೇ ತಮ್ಮ ಜವಾಬ್ದಾರಿಗೆ ತೆಗೆದುಕೊಂಡರು.

ಸಾಲಿನಲ್ಲಿ ಅತಿ ಕುಳ್ಳಗಿದ್ದ ಮೂವರನ್ನು ಆರಿಸಿ ಮಂಜೂರಾತಿ ಪಡೆಯಲಾಯಿತು. ದಿನಾ ಬೇರೆ ಬೇರೆ ಮಕ್ಕಳನ್ನು ಕಳೆಯೋಣ ಅಂತ ಟೀಚರು ಕೇಳಿದ್ದರಂತೆ. ಪ್ರತಿ ಬದಲಾವಣೆಗೂ ಹೊಸ ಮಂಜೂರಾತಿ ಬೇಕು, ಅದು ಬರುವಷ್ಟರಲ್ಲಿ ಈ ಮಕ್ಕಳು ಉದ್ದ ಆಗಿಬಿಟ್ಟಿರುತ್ತವೆ ಅಂತ ಹೆಡ್‌ಮಾಸ್ಟರು ತಿಳಿಹೇಳಿದರು. ಮೂವರಲ್ಲಿ ಗಾರೆಯವನ ಮಗ ಹಾಯಾಗಿ ನಿದ್ದೆ ಹೊಡೆದ. ದರ್ಜಿಯ ಮಗ ಬೆಂಚಿನ ಕೆಳಗೆ ಮನೆ ಮಾಡಿಕೊಂಡ. ಮೂರನೆಯವಳು ನನ್ನ ತಂಗಿ. ಹುಟ್ಟಿದಾಗಿಂದ ರಾಗ ಎಳೆದದ್ದಕ್ಕೆ ಅವಳನ್ನು ಪಿಟೀಲು ಅಂತ ಕರೆಯುತ್ತೇವೆ. ಹಾಗಾಗಿ ಈ ವರದಿಯಲ್ಲಿ ಪಕ್ಷಪಾತ ಇಲ್ಲ ಅಂತ ನಾನೇನೂ ಬರೆದುಕೊಡುವುದಿಲ್ಲ.

ಪಿಟೀಲು ಅಲ್ಲಿಯವರೆಗೆ ಸಿಕ್ಕಿದ್ದನ್ನೆಲ್ಲ ಎಣಿಸುತ್ತಿದ್ದಳು. ಅಪ್ಪನ ಅಂಗಿಯ ಗುಂಡಿ, ಅಜ್ಜಿಯ ಬಾಯಲ್ಲಿ ಉಳಿದ ಹಲ್ಲು, ಬಿದ್ದ ಹಲ್ಲು, ಎರಡೂ ಕೂಡಿದರೆ ಎಷ್ಟು, ಎಲ್ಲ. ಅಜ್ಜಿ ಬಾಯಿ ತೆರೆಯಲು ಹೆದರುತ್ತಿದ್ದರು.

“ಇವತ್ತೇನು ಲೆಕ್ಕ ಮಾಡಿದ್ರೇ?” ಅಂದಳು ಅಮ್ಮ ಒಂದು ಸಂಜೆ.

“ನಾನು ಹೋಗಿರ್ಲಿಲ್ಲ.”

“ನಾನೇ ಅಲ್ವೇನೇ ಬಿಟ್ಟು ಬಂದಿದ್ದು?”

“ಬಿಟ್ಟೆ. ಆದ್ರೆ ನಾನು ಬಂದಿರ್ಲಿಲ್ಲ.”

ಅಜ್ಜಿ ತಾವಾಗಿಯೇ ಬಾಯಿ ತೆರೆದು ತೋರಿಸಿದರು. ಪಿಟೀಲು ನೋಡಿದಳು, ಎಣಿಸಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ರಾಗವೂ ಇಲ್ಲ. ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾವು ಯಾರೂ ಕಂಡಿರಲಿಲ್ಲ, ನನಗಂತೂ ಸರಿಬರಲಿಲ್ಲ.

ಮರುದಿನ ಅಮ್ಮ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಹೋದಳು, ಹಿಂದೆ ನಾನೂ. ಹೆಡ್‌ಮಾಸ್ಟರು ಬಹಳ ಗೌರವದಿಂದ ಕುರ್ಚಿ ತೋರಿಸಿದರು. ಅವರ ಮೀಸೆಯ ಮೇಲೆ ಹಾಲಿನ ಕೆನೆ ಇತ್ತು.

“ನನ್ನ ಮಗಳು ದಿನಾ ಬರ್ತಾ ಇದ್ದಾಳೆ ಸಾರ್. ಅಗೋ, ಕಿಟಕಿಯಲ್ಲೇ ಕಾಣ್ತಾಳೆ.”

“ಕಾಣ್ತಾಳೆ ತಾಯಿ. ಯಾರು ಇಲ್ಲ ಅಂದ್ರು?”

“ನೀವೇ ಅಂತೀರಂತಲ್ಲ.”

“ಇದ್ದಾಳೆ ಅನ್ನೋದು ಹಾಜರಾತಿ ವಿಭಾಗಕ್ಕೆ. ಇಲ್ಲ ಅನ್ನೋದು ಗಣಿತ ವಿಭಾಗಕ್ಕೆ. ಎರಡೂ ಕಚೇರಿ ಬೇರೆ ಬೇರೆ ಮಹಡಿಯಲ್ಲಿವೆ, ನೀವು ತಲೆ ಕೆಡಿಸ್ಕೋಬೇಡಿ.”

“ಮತ್ತೆ ಕೂಡಿಸ್ಕೊಳ್ಳಿ ಅವಳನ್ನ. ನಿಮ್ಮಲ್ಲಿ ಕೂಡೋದೂ ಇದೆಯಲ್ಲ.”

“ಇದೆ. ಆದ್ರೆ ಕೂಡೋಕೆ ಹೊರಗಿಂದ ಬರಬೇಕು ತಾಯಿ. ನಿಮ್ಮ ಮಗಳು ಒಳಗೇ ಇದ್ದಾಳಲ್ಲ, ಅದೇ ತೊಡಕು.” ಸ್ವಲ್ಪ ಯೋಚಿಸಿ ಅವರು ಸಮಾಧಾನ ಹೇಳಿದರು: “ಚೆನ್ನಾಗಿ ತಿನ್ನಿಸಿ. ಒಂದು ಗೇಣು ಉದ್ದ ಆದ್ರೆ ಮುಂದಿನ ವರ್ಷ ನೋಡೋಣ.”

“ಹಾಲು ಕೊಟ್ರೆ ಆಗ್ತಿದ್ದಳು,” ಅಂದಳು ಅಮ್ಮ. ಹೆಡ್‌ಮಾಸ್ಟರು ಮೀಸೆ ಒರೆಸಿಕೊಂಡು, ಇದನ್ನು ಸಲಹೆಯೆಂದು ಪರಿಗಣಿಸಲಾಗುವುದು ಎಂದರು.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಗಣಿತ ವಿಭಾಗದ ಅಧಿಕಾರಿಗಳು ತಪಾಸಣೆಗೆ ಬಂದಿದ್ದರು, ಅವರ ಚೀಲ ಹಿಡಿದು ಡ್ರೈವರೂ. ನಾವೆಲ್ಲ ಒಂದನೇ ತರಗತಿಗೆ ನುಗ್ಗಿದೆವು. ಮನೆಯ ಹಗ್ಗದಲ್ಲಿ ಮೂರು ಕ್ಲಿಪ್ಪು ನೇತಾಡುತ್ತಿದ್ದವು. ನೀಲಿ ಕ್ಲಿಪ್ಪು ಪಿಟೀಲಿನದು.

“ಇಪ್ಪತ್ತರಲ್ಲಿ ಮೂರು ಹೋದ್ರೆ?” ಅಂದರು ಅಧಿಕಾರಿಗಳು.

“ಹದಿನೇಳು,” ಅಂತ ಹದಿನೇಳು ಮಕ್ಕಳು ಕೂಗಿದವು.

“ಹೋಗಿಲ್ಲ, ಇಲ್ಲೇ ಇದ್ದೀವಿ,” ಅಂತ ಹಿಂದಿನಿಂದ ಒಂದು ದನಿ ಬಂತು.

“ಯಾರದು?”

“ಯಾರೂ ಇಲ್ಲ ಸಾರ್,” ಅಂದರು ಹೆಡ್‌ಮಾಸ್ಟರು.

“ಮಾತಾಡಿದ್ರಲ್ಲ?”

“ಗೈರುಹಾಜರಿ ಸಾರ್. ಆಗಾಗ ಮಾತಾಡುತ್ತೆ.”

ಅಧಿಕಾರಿಗಳು ತೃಪ್ತಿಯಿಂದ ತಲೆಯಾಡಿಸಿದರು. ಆದರೆ ಪಿಟೀಲು ಎದ್ದು ಮುಂದೆ ಬಂದು ನಿಂತಿದ್ದಳು. ಇಲ್ಲದ ಮಗುವನ್ನು ತಡೆಯಲು ನಿಯಮ ಇರಲಿಲ್ಲ. ಅವಳು ಬೆರಳು ತೋರಿಸಿ ಅಧಿಕಾರಿ, ಹೆಡ್‌ಮಾಸ್ಟರು, ಡ್ರೈವರು ಮೂವರನ್ನೂ ಎಣಿಸಿದಳು. ಅವಳು ಎಣಿಸಿದ್ದು ಕೇಳಿ ಅಮ್ಮ ನನ್ನ ತೋಳು ಹಿಡಿದುಕೊಂಡಳು.

“ನಾವು ಇಪ್ಪತ್ತು, ನೀವು ಮೂರು. ಕೂಡಿದ್ರೆ ಇಪ್ಪತ್ತಮೂರು,” ಅಂದಳು ಪಿಟೀಲು. “ನಮ್ಮ ಬದಲು ನಿಮ್ಮನ್ನ ಕಳೆದ್ರೆ ಆಗಲ್ವಾ ಸಾರ್? ನಿಮಗೆ ಹೇಗೂ ಲೆಕ್ಕ ಬರುತ್ತಲ್ಲ.”

ಟೀಚರು ಸೀಮೆಸುಣ್ಣ ಕಚ್ಚಿಕೊಂಡರು.

“ನನ್ನನ್ನ ಕಳೆದ್ರೆ,” ಅಂದರು ಅಧಿಕಾರಿಗಳು ನಿಧಾನವಾಗಿ, “ನಾನು ಬರಬೇಕೋ, ಬೇಡವೋ?”

“ಬರಬಾರದು,” ಅಂದಳು ಪಿಟೀಲು. “ಬಂದ್ರೆ ತಪ್ಪಾಗುತ್ತೆ.”

“ಬಾರದೇ ಇರೋದು ನನ್ನ ಕರ್ತವ್ಯದ ಭಾಗ ಅಂತಾಯ್ತು.”

“ಹೂಂ.”

ಅಧಿಕಾರಿಗಳ ಮುಖ ಮೃದುವಾಯಿತು. ಅವರ ಪ್ರವಾಸದ ವರದಿಯ ಪ್ರಕಾರ ಅವರು ಆ ಕ್ಷಣದಲ್ಲಿ ಇನ್ನೂ ಎರಡು ಶಾಲೆಗಳಲ್ಲಿದ್ದರು. ಇಂಥ ಕೆಲಸವನ್ನು ಅವರು ವರ್ಷಗಳಿಂದ ಯಾವ ಆದೇಶದ ಬೆಂಬಲವೂ ಇಲ್ಲದೆ ಒಬ್ಬರೇ ಮಾಡಿಕೊಂಡು ಬಂದಿದ್ದರು. ಸ್ಥಳದಲ್ಲೇ ಆದೇಶವಾಯಿತು: ‘ಮಕ್ಕಳ ಕಲಿಕೆಯ ಹಿತದೃಷ್ಟಿಯಿಂದ ಅಧಿಕಾರಿ, ಮುಖ್ಯೋಪಾಧ್ಯಾಯ ಹಾಗೂ ವಾಹನ ಚಾಲಕ ಇವರನ್ನು ಪ್ರತಿದಿನ ಕಳೆಯತಕ್ಕದ್ದು. ಸದರಿಯವರು ಎಲ್ಲಿಯೂ ಇರಬಾರದು. ವೇತನ ಎಂದಿನಂತೆ.’

“ಹಾಲಿನ ವಿಷಯ?” ಅಂದರು ಹೆಡ್‌ಮಾಸ್ಟರು, ಸಣ್ಣ ದನಿಯಲ್ಲಿ.

“ಇಲ್ಲದವರು ಹಾಲು ಕುಡಿಯೋದು ಹೇಗ್ರೀ?” ಅಂದರು ಅಧಿಕಾರಿಗಳು.

ಹೆಡ್‌ಮಾಸ್ಟರು ನಷ್ಟವನ್ನು ಘನತೆಯಿಂದ ಸ್ವೀಕರಿಸಿ ಮನೆಗೆ ಹೊರಟರು. ಪಿಟೀಲು ತನ್ನ ನೀಲಿ ಕ್ಲಿಪ್ಪನ್ನು ಕಿತ್ತು ಶಾಲೆಯ ಹಗ್ಗಕ್ಕೆ ಸಿಕ್ಕಿಸಿದಳು. ಆ ಸಂಜೆ ಅಜ್ಜಿ ಮತ್ತೆ ಬಾಯಿ ಮುಚ್ಚಿಕೊಂಡರು.

ಈಗ ಪದ್ಧತಿ ಸುಗಮವಾಗಿ ನಡೆದಿದೆ. ಪಕ್ಕದ ಶಾಲೆಗಳ ಹೆಡ್‌ಮಾಸ್ಟರುಗಳೂ ತಮ್ಮನ್ನು ಕಳೆಯಬೇಕೆಂದು ಅರ್ಜಿ ಹಾಕಿದ್ದಾರೆ. ಹಾಜರಾತಿ ವಿಭಾಗ ಪೂರ್ತಿಯಾಗಿ ಎರಡನೇ ತರಗತಿಯಲ್ಲಿ ಕಳೆಯಲು ಮಂಜೂರಾಗಿದೆ, ಅಲ್ಲಿ ದೊಡ್ಡ ಸಂಖ್ಯೆಗಳ ಅಗತ್ಯವಿದೆ.

ಹೋದ ವಾರ ಮಾತ್ರ ಒಂದು ಅಚಾತುರ್ಯವಾಯಿತು. ಹೆಡ್‌ಮಾಸ್ಟರು ಕೊಡೆ ಮರೆತುಹೋಗಿದ್ದರಂತೆ, ಅದನ್ನು ಹುಡುಕಿಕೊಂಡು ಲೆಕ್ಕದ ಹೊತ್ತಿಗೇ ಬಾಗಿಲಿಗೆ ಬಂದರು. ಮಕ್ಕಳ ಎಣಿಕೆ ನಿಂತಿತು. ಪಿಟೀಲು ಹೊಸ್ತಿಲಲ್ಲಿ ಅಡ್ಡ ನಿಂತಳು.

“ಸಾರ್, ನೀವು ಬಂದ್ರೆ ಕಳೆಯೋಕೆ ಎರಡೇ ಉಳಿಯುತ್ತೆ. ಮೂರಕ್ಕೆ ಕಡಿಮೆ ಕಳೆಯೋ ಹಾಗಿಲ್ಲ.”

“ಹೌದಲ್ಲ ಮಗು, ತಪ್ಪಾಯ್ತು,” ಅಂದರು ಹೆಡ್‌ಮಾಸ್ಟರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ಗೇಟು ದಾಟಿದರು. ಪಿಟೀಲು ಬಾಗಿಲು ಹಾಕಿ ಬಂದು ಕೂತಳು, ಟೀಚರು ಮತ್ತೆ ಒಂದರಿಂದ ಶುರು ಮಾಡಿಸಿದರು.